ತಗ್ಗಿಸಿದ ಕಾರಿಗೆ ಒಪ್ಪುವ ಚಕ್ರ ಯಾವುದು, ಟೈರು ಯಾವುದು?

ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿಕೊಂಡವರಿಂದ ಈಚೆಗೆ ಬಂದ ಪತ್ರಗಳೇ ಹೆಚ್ಚು. ಅವುಗಳಲ್ಲಿ ಆರನ್ನು ಆರಿಸಿ ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು 2019ರ ಮಾರುತಿ ಸ್ವಿಫ್ಟ್ ವಿಎಕ್ಸ್‌ಐ. ಕಂಪನಿಯಿಂದ ಬಂದದ್ದು 165/80 ಆರ್14 ಟೈರು. 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದೇನೆ. 17 ಇಂಚಿನ, 7 ಜೆ ಅಗಲದ, ಇಟಿ 38ರ ಅಲಾಯ್‌ಗೆ 205/45 ಟೈರು ಹಾಕಿದರೆ ‘ಆರಾಮ ಕೂಡ್ತದ್ರೀ’ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಹಾಕಿಸಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೂಡುವುದೇನೋ ಕೂಡುತ್ತದೆ. ಜ್ಯಾಕ್ ಕೊಟ್ಟು ಎತ್ತಿದ ಕಾರಿಗೆ ಚಕ್ರ ಸಿಕ್ಕಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ತೋರಿಸುವಾಗ ಸ್ಪ್ರಿಂಗ್ ಪೂರ್ತಿ ಚಾಚಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಯಾವ ಟೈರೂ ಎಲ್ಲಿಯೂ ತಾಗುವುದಿಲ್ಲ. ತಾಗುವುದು ನಾಲ್ಕು ಜನ ಕುಳಿತು, ತಿರುವಿನಲ್ಲಿ ಒಂದು ಚಕ್ರ ಗುಂಡಿಗೆ ಇಳಿದು ಮೇಲೆದ್ದಾಗ. ತಗ್ಗಿಸಿದ ಕಾರಿನಲ್ಲಿ ಆ ಗಳಿಗೆ 40 ಮಿ.ಮೀ. ಬೇಗನೆ ಬಂದುಬಿಡುತ್ತದೆ. ಆದುದರಿಂದ ಟೈರಿನ ಅಳತೆಯನ್ನು ನಿಂತ ಕಾರಿಗಲ್ಲ, ಸ್ಪ್ರಿಂಗ್ ಕುಗ್ಗಿದ ಕಾರಿಗೆ ಲೆಕ್ಕ ಹಾಕಬೇಕು.

ಮೊದಲು ಒಟ್ಟು ಎತ್ತರವನ್ನು ನೋಡೋಣ. 165/80 ಆರ್14 ಎಂದರೆ ಟೈರಿನ ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ 80, ಅಂದರೆ 132 ಮಿ.ಮೀ. ಮೇಲೊಂದು ಕೆಳಗೊಂದು ಪಕ್ಕೆ ಸೇರಿ 264, ಜೊತೆಗೆ 14 ಇಂಚಿನ ರಿಮ್‌ನ 355.6; ಒಟ್ಟು ವ್ಯಾಸ ಸುಮಾರು 620 ಮಿ.ಮೀ. ಇದೇ ರೀತಿ ಲೆಕ್ಕ ಹಾಕಿದರೆ 185/65 ಆರ್15 ಸುಮಾರು 621, 195/55 ಆರ್16 ಕೂಡ 621, ನಿಮ್ಮ ಅಂಗಡಿಯವರು ಹೇಳಿದ 205/45 ಆರ್17 ಸುಮಾರು 616 ಮಿ.ಮೀ. ಆಗುತ್ತದೆ. ವ್ಯಾಸದ ಮಟ್ಟಿಗೆ ಅವರ ಆಯ್ಕೆಯಲ್ಲಿ ತಪ್ಪಿಲ್ಲ. ಮೂಲ ಅಳತೆಗಿಂತ ಶೇ 2ರೊಳಗೆ ಇದ್ದರೆ ಸ್ಪೀಡೋಮೀಟರಿಗೂ ಗೇರಿಗೂ ಹೇಳಿಕೊಳ್ಳುವ ತೊಂದರೆಯಿಲ್ಲ.

ತೊಂದರೆ ಇರುವುದು ಅಗಲದಲ್ಲಿ, ಇಟಿಯಲ್ಲಿ. ಇಟಿ ಎಂಬುದು ರಿಮ್‌ನ ನಡುಗೆರೆಯಿಂದ ಅದು ಹಬ್‌ಗೆ (ಚಕ್ರವನ್ನು ಬಿಗಿಯುವ ಆಕ್ಸಲ್ ತುದಿಗೆ) ಒತ್ತಿ ಕೂರುವ ಮುಖದವರೆಗಿನ ದೂರ, ಮಿ.ಮೀ. ಲೆಕ್ಕದಲ್ಲಿ. ಈ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಲೆಕ್ಕಕ್ಕೆ ಹಳೆಯ ರಿಮ್ 5.5 ಜೆ (ಅಂದರೆ 5.5 ಇಂಚು ಅಗಲ), ಇಟಿ 45 ಎಂದು ಹಿಡಿಯೋಣ. ನಿಮ್ಮ ರಿಮ್‌ನ ನಿಜವಾದ ಸಂಖ್ಯೆ ಅದರ ಒಳಮುಖದಲ್ಲಿ ಅಚ್ಚಾಗಿರುತ್ತದೆ, ಬಿಚ್ಚಿ ಒರೆಸಿ ಓದಿಕೊಳ್ಳಿ. 5.5 ಇಂಚಿನ ಅರ್ಧ ಸುಮಾರು 70 ಮಿ.ಮೀ.; ಅದರಲ್ಲಿ 45 ಕಳೆದರೆ ಹಬ್ಬಿನ ಮುಖದಿಂದ ಹೊರಕ್ಕೆ 25, ಕೂಡಿಸಿದರೆ ಒಳಕ್ಕೆ 115. ಹೊಸ ರಿಮ್ 7 ಇಂಚಿನದು, ಅರ್ಧ ಸುಮಾರು 89. 38 ಕಳೆದರೆ ಹೊರಕ್ಕೆ 51, ಕೂಡಿಸಿದರೆ ಒಳಕ್ಕೆ 127. ಎಂದರೆ ರಿಮ್‌ನ ಅಂಚು ಹಿಂದಿಗಿಂತ 26 ಮಿ.ಮೀ. ಹೊರಗೆ ಬಂತು, 12 ಮಿ.ಮೀ. ಒಳಗೆ ಹೋಯಿತು. ಹೊರಗೆ ಬಂದ ಒಂದು ಇಂಚು ತಗ್ಗಿಸಿದ ಕಾರಿನ ಹಿಂಬದಿಯ ಫೆಂಡರ್ ತುಟಿಯ (ಚಕ್ರದ ಮೇಲಿನ ತಗಡಿನ ಒಳಮಡಿಕೆಯ) ಕೆಳಗೆ ಸರಿಯಾಗಿ ಬಂದು ನಿಲ್ಲುತ್ತದೆ. ಒಳಗೆ ಹೋದ ಅರ್ಧ ಇಂಚು ಮುಂಬದಿಯಲ್ಲಿ ಶಾಕ್ ಅಬ್ಸಾರ್ಬರಿನ ಪಕ್ಕದ ಜಾಗವನ್ನು ತಿನ್ನುತ್ತದೆ. ಚಕ್ರ ಇಷ್ಟು ಹೊರಬಂದಾಗ ಸ್ಟಿಯರಿಂಗ್ ರಸ್ತೆಯ ಗೆರೆಗಳನ್ನು ಹಿಡಿದು ಎಳೆಯತೊಡಗುತ್ತದೆ, ವೀಲ್ ಬೇರಿಂಗ್ ಮೇಲಿನ ಭಾರವೂ ಹೆಚ್ಚುತ್ತದೆ.

ಇನ್ನೊಂದು ವಿಷಯ ಪಕ್ಕೆಯದು. ಕಂಪನಿ ಟೈರಿನ ಪಕ್ಕೆ 132 ಮಿ.ಮೀ. ಇದ್ದರೆ 205/45ರದು 92 ಮಿ.ಮೀ. ಮಾತ್ರ. ಮಳೆಗಾಲ ಮುಗಿದ ಮೇಲೆ ನಮ್ಮ ರಾಜ್ಯದ ಯಾವ ಘಾಟಿ ರಸ್ತೆಯಲ್ಲಿ ಹೋದರೂ ಚೂಪಾದ ಅಂಚಿನ ಗುಂಡಿಗಳು ಸಿಗುತ್ತವೆ, ಅಂಥ ಅಂಚಿಗೂ ರಿಮ್‌ಗೂ ನಡುವೆ ಇರುವುದು ಈ ಪಕ್ಕೆಯೊಂದೇ. ಹೊಡೆತಕ್ಕೆ ಒಳಗಿನ ನೂಲು ಹರಿದರೆ ಪಕ್ಕೆಯ ಮೇಲೆ ನೆಲ್ಲಿಕಾಯಿ ಗಾತ್ರದ ಉಬ್ಬು ಏಳುತ್ತದೆ. ಅದಕ್ಕೆ ರಿಪೇರಿಯಿಲ್ಲ, ಟೈರು ಬದಲಿಸಬೇಕು. ನಾನೇ ಒಮ್ಮೆ ಹೆಸರಿಗೆ ಅಂದದ 17 ಇಂಚಿನ ಚಕ್ರಗಳನ್ನು ಹಾಕಿಸಿಕೊಂಡು, ಒಂದೇ ಮಳೆಗಾಲದಲ್ಲಿ ಎರಡು ಟೈರು, ಒಂದು ರಿಮ್ ಕಳೆದುಕೊಂಡವನು. ಆದುದರಿಂದ ಈ ಮಾತಿನಲ್ಲಿ ನನ್ನ ಪಕ್ಷಪಾತವೂ ಸ್ವಲ್ಪ ಸೇರಿದೆ ಎಂದುಕೊಳ್ಳಿ.

ಭಾರದ ಸೂಚ್ಯಂಕವನ್ನೂ ಮರೆಯಬೇಡಿ. ಅಳತೆಯ ಪಕ್ಕದಲ್ಲಿ ಬರೆದಿರುವ 85 ಎಂಬ ಸಂಖ್ಯೆ ಒಂದು ಟೈರು 515 ಕೆ.ಜಿ. ಹೊರುತ್ತದೆ ಎಂದು ಹೇಳುತ್ತದೆ. 84 ಎಂದಿದ್ದರೆ 500, 87 ಎಂದಿದ್ದರೆ 545, 88 ಎಂದಿದ್ದರೆ 560 ಕೆ.ಜಿ. ಪಕ್ಕೆ ತೆಳುವಾದಂತೆ ಈ ಸಂಖ್ಯೆ ಇಳಿಯುವುದುಂಟು. ಕಂಪನಿ ಟೈರಿನಲ್ಲಿ ಇದ್ದುದಕ್ಕಿಂತ ಕಡಿಮೆ ಸೂಚ್ಯಂಕದ ಟೈರನ್ನು ಯಾರು ಎಷ್ಟೇ ರಿಯಾಯಿತಿಗೆ ಕೊಟ್ಟರೂ ಒಪ್ಪಬೇಡಿ.

ನನ್ನ ಸಲಹೆ 195/55 ಆರ್16 ಟೈರು, 6 ಜೆ ಅಗಲದ, ಇಟಿ 42ರ ಆಸುಪಾಸಿನ ರಿಮ್. ಮೇಲಿನ ಲೆಕ್ಕದಂತೆ ಹೊರಗೆ 9 ಮಿ.ಮೀ., ಒಳಗೆ 3 ಮಿ.ಮೀ. ಮಾತ್ರ ಹೆಚ್ಚುತ್ತದೆ, ಪಕ್ಕೆ 107 ಮಿ.ಮೀ. ಉಳಿಯುತ್ತದೆ; ಆರ್ಚ್ (ಚಕ್ರದ ಮೇಲಿನ ಕಮಾನು) ತುಂಬಿದಂತೆಯೂ ಕಾಣುತ್ತದೆ. ಹೆಚ್ಚಾಗಿ ಹಳ್ಳಿ ರಸ್ತೆಯಲ್ಲಿ ಓಡಾಡುವವರಾದರೆ ಇದೇ ಮಾದರಿಯ ಮೇಲಿನ ಆವೃತ್ತಿಗೆ ಕಂಪನಿಯೇ ಕೊಡುವ 185/65 ಆರ್15 ಸಾಕು. ಕೊಳ್ಳುವ ಮೊದಲು ಅಂಗಡಿಯವರಿಂದ ಒಂದು ಜೊತೆಯನ್ನು ಹಾಕಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಮುಂದಿನ ಎಡಚಕ್ರವನ್ನೂ ಹಿಂದಿನ ಬಲಚಕ್ರವನ್ನೂ ಒಂದೊಂದು ದಪ್ಪ ಮರದ ತುಂಡಿನ ಮೇಲೆ ಹತ್ತಿಸಿ ನಿಲ್ಲಿಸಿ. ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಟಾರ್ಚ್ ಬಿಟ್ಟು, ಕಿರುಬೆರಳು ತೂರುವಷ್ಟು ಜಾಗ ಎಲ್ಲೆಡೆ ಇದೆಯೇ ಎಂದು ನೋಡಿ. ಮತ್ತೆ ಎದುರು ಮೂಲೆಗಳನ್ನು ಹತ್ತಿಸಿ ಇದನ್ನೇ ಮಾಡಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಮುಂಗಡ ಕೊಡದಿರುವುದು ಕ್ಷೇಮ.

ಪ್ರಶ್ನೆ: ಪರಿಚಯದವರು ತಮ್ಮ ಹೋಂಡಾ ಸಿಟಿಯ ಕಂಪನಿ ಅಲಾಯ್‌ಗಳನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ಅದರಲ್ಲೂ ನಾಲ್ಕು ನಟ್, ನನ್ನ ಸ್ವಿಫ್ಟ್‌ನಲ್ಲೂ ನಾಲ್ಕು ನಟ್, ಎರಡರ ಪಿಸಿಡಿಯೂ 100. ನೇರವಾಗಿ ಹಾಕಬಹುದಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೇರವಾಗಿ ಹಾಕಬಾರದು. ಪಿಸಿಡಿ, ಅಂದರೆ ನಟ್‌ಗಳು ಕೂರುವ ವೃತ್ತದ ವ್ಯಾಸ, ಎರಡರಲ್ಲೂ 4×100 ಎಂಬುದು ನಿಜ. ಆದರೆ ಸಿಟಿಯ ರಿಮ್ ನಡುವಿನ ತೂತು 56.1 ಮಿ.ಮೀ., ಸ್ವಿಫ್ಟ್ ಹಬ್ಬಿನ ಗುಬುಟು 54.1 ಮಿ.ಮೀ. ನಡುವೆ ಉಳಿಯುವ 2 ಮಿ.ಮೀ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಚಕ್ರ ಹಬ್ಬಿನ ಮೇಲೆ ನಡುವಾಗಿ ಕೂರುವ ಬದಲು ನಟ್‌ಗಳ ಮೇಲೆ ನೇತುಬಿದ್ದಂತಾಗಿ, ವೇಗ ಏರಿದಂತೆ ಸ್ಟಿಯರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿ ಮಾಡಿಸಿ ಸುಸ್ತಾದವರ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ. ಹೆಚ್ಚಿನವರ ಕಾರಿನಲ್ಲಿ ಇಲ್ಲದಿರುವುದು ಒಂದು ಹಬ್ ರಿಂಗ್. 56.1ರಿಂದ 54.1ಕ್ಕೆ ಇಳಿಸುವ ರಿಂಗನ್ನು ನಾಲ್ಕೂ ಚಕ್ರಕ್ಕೆ ಹಾಕಿಸಬೇಕು.

ನಟ್‌ನ ವಿಷಯ ಇನ್ನೂ ಸೂಕ್ಷ್ಮ. ಹೋಂಡಾದ ಮೂಲ ರಿಮ್‌ನಲ್ಲಿ ನಟ್ ಕೂರುವ ಗುಳಿ ಗೋಲಾಕಾರದ್ದು, ಸುಜುಕಿಯ ನಟ್‌ನ ಮೂತಿ ಶಂಕುವಿನಾಕಾರದ್ದು. ಗೋಲದ ಗುಳಿಗೆ ಶಂಕುವಿನ ನಟ್ ಬಿಗಿದರೆ ಕೂದಲೆಳೆಯಷ್ಟು ಗೆರೆಯಲ್ಲಿ ಮಾತ್ರ ಹಿಡಿತ ಸಿಗುತ್ತದೆ, ನಾಲ್ಕು ದಿನ ಓಡಿದ ಮೇಲೆ ಸಡಿಲವಾಗುತ್ತದೆ. ಸಿಟಿಯ ನಟ್‌ಗಳನ್ನೇ ತಂದು ಹಾಕೋಣವೆಂದರೆ ಅದರ ಮರೆ (ತಿರುಪಿನ ಗೆರೆ) ಎಂ12×1.5, ಸ್ವಿಫ್ಟ್‌ನ ಸ್ಟಡ್ (ನಟ್ ಕೂರುವ, ಹಬ್ಬಿನ ಮೇಲಿನ ತಿರುಪುಕಡ್ಡಿ) ಎಂ12×1.25, ಎಂದರೆ ಗೆರೆಗಳ ನಡುವಿನ ಅಂತರವೇ ಬೇರೆ; ನಟ್ ಎರಡು ಸುತ್ತು ಕೈಯಲ್ಲಿ ತಿರುಗಿದಂತೆ ಮಾಡಿ ಆಮೇಲೆ ಸ್ಟಡ್‌ನ ಮರೆಯನ್ನೇ ಕಿತ್ತುಹಾಕುತ್ತದೆ. ಎಂ12×1.25 ಮರೆಯ, ಗೋಲ ಮೂತಿಯ ನಟ್‌ಗಳನ್ನು ಹುಡುಕಿ ತರಬಲ್ಲಿರಾದರೆ ಮುಂದುವರಿಯಿರಿ, ಇಲ್ಲವಾದರೆ ಬಿಟ್ಟುಬಿಡಿ. ಇನ್ನು ಸ್ವಿಫ್ಟ್‌ನ ರಿಮ್ಮನ್ನು ಸಿಟಿಗೆ ಹಾಕುತ್ತೇನೆ ಎನ್ನುವವರಿಗೆ ಯೋಚಿಸುವ ಕೆಲಸವೇ ಇಲ್ಲ, 54.1ರ ತೂತು 56.1ರ ಹಬ್ಬಿನ ಮೇಲೆ ಕೂರುವುದೇ ಇಲ್ಲ. ಹಳೆಯ ಫಿಯೆಟ್ ಪಾಲಿಯೊ ಇರುವವರಿಗೂ ಒಂದು ಮಾತು: ಅದರ ಪಿಸಿಡಿ 4×98. ಪೇಟೆಯಲ್ಲಿ ಸಿಗುವ 4×100 ರಿಮ್ ಅದಕ್ಕೆ ‘ಹೆಚ್ಚುಕಡಿಮೆ’ ಕೂರುತ್ತದೆ, ಅಪಾಯ ಇರುವುದೇ ಆ ಹೆಚ್ಚುಕಡಿಮೆಯಲ್ಲಿ.

ಪ್ರಶ್ನೆ: ನನ್ನ ಫೋಕ್ಸ್‌ವ್ಯಾಗನ್ ಪೋಲೊ 35 ಮಿ.ಮೀ. ತಗ್ಗಿದೆ. ಕಂಪನಿ ಟೈರು 185/60 ಆರ್15 ಇತ್ತು, ಈಗ 205/50 ಆರ್16 ಹಾಕಿಸಿದ್ದೇನೆ. ಒಬ್ಬನೇ ಓಡಿಸುವಾಗ ಏನೂ ಇಲ್ಲ. ಮನೆಯವರೆಲ್ಲ ಕುಳಿತರೆ ಹಂಪ್ಸ್ ಇಳಿಯುವಾಗ ಹಿಂದಿನಿಂದ ‘ಗರಕ್’ ಎನ್ನುತ್ತದೆ. ಯೂ-ಟರ್ನ್ ತೆಗೆದುಕೊಳ್ಳುವಾಗ ಮುಂದೆಯೂ ಸರಸರ ಸದ್ದು. ಫೆಂಡರ್ ಮಡಿಸುವುದೊಂದೇ ದಾರಿ ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮಡಿಸುವ ಮೊದಲು ಎಲ್ಲಿ ತಾಗುತ್ತಿದೆ ಎಂದು ಕಣ್ಣಾರೆ ನೋಡಿ. ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಲೈನಿಂಗ್ ಧೂಳು ಹಿಡಿದು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಟೈರು ಉಜ್ಜುವ ಕಡೆ ಮಾತ್ರ ಬಳೆಯ ತುಂಡಿನಂಥ ಕಪ್ಪು ಹೊಳಪಿನ ಗೆರೆ ಕಾಣುತ್ತದೆ. ಹಿಂಬದಿಯ ಫೆಂಡರ್ ತುಟಿಗೆ ಒಳಗಿನಿಂದ ಸೀಮೆಸುಣ್ಣ ಬಳಿದು, ಮನೆಯವರನ್ನು ಕೂರಿಸಿಕೊಂಡು ನಿಮ್ಮ ಬೀದಿಯ ಹಂಪ್ಸ್ ಒಂದನ್ನು ನಿಧಾನವಾಗಿ ದಾಟಿ ಬನ್ನಿ. ಟೈರಿನ ಭುಜಕ್ಕೆ ಸುಣ್ಣ ಅಂಟಿದ್ದರೆ ತುಟಿ ತಾಗುತ್ತಿದೆ ಎಂದರ್ಥ. ತುಟಿ ಚೂಪಾಗಿರುವುದರಿಂದ ಈ ಬಗೆಯ ತಾಗುವಿಕೆಯೇ ಹೆಚ್ಚು ಅಪಾಯದ್ದು. ಟೈರಿನ ಭುಜವನ್ನು ಸುತ್ತಲೂ ಸೀಳಿಕೊಂಡು ಹೋಗುತ್ತದೆ. ಮುಂದಿನ ಸರಸರ ಸದ್ದು ಲೈನಿಂಗ್‌ಗೆ ಉಜ್ಜುವುದರಿಂದ ಆಗಿದ್ದರೆ ಅಷ್ಟು ಗಾಬರಿಯ ವಿಷಯವಲ್ಲ, ಆದರೆ ಟೈರಿನ ಒಳಪಕ್ಕೆಯಲ್ಲಿ ಗೀರು ಕಂಡರೆ ಅದು ಲೋಹಕ್ಕೆ ತಾಗುತ್ತಿದೆ, ಕೂಡಲೇ ಹಳೆಯ ಚಕ್ರ ಹಾಕಿ.

ನಿಮ್ಮ ಹಳೆಯ ಟೈರಿನ ವ್ಯಾಸ 603 ಮಿ.ಮೀ., ಹೊಸದರದು 611. ಅಂದರೆ ಟೈರಿನ ತಲೆ ಆರ್ಚ್ ಒಳಗೆ 4 ಮಿ.ಮೀ. ಮೇಲೆ ಹೋಗಿದೆ, ಅಗಲದಲ್ಲಿ ಪ್ರತಿ ಬದಿಗೆ 10 ಮಿ.ಮೀ. ಹೆಚ್ಚಿದೆ. ಅದೇ 16ರ ರಿಮ್‌ಗೆ 195/50 ಟೈರು ಸಿಕ್ಕಿದರೆ ವ್ಯಾಸ 601ಕ್ಕೆ ಬರುತ್ತದೆ, ಅಗಲವೂ ಬದಿಗೆ 5 ಮಿ.ಮೀ. ಇಳಿಯುತ್ತದೆ. ಭಾರದ ಸೂಚ್ಯಂಕ ಹೊಂದುವುದಾದರೆ ಬಹುಪಾಲು ಸದ್ದು ಅಲ್ಲಿಗೆ ನಿಂತೀತು. ಸ್ಪೇಸರ್ (ಚಕ್ರವನ್ನು ಹೊರತರಲು ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಬಿಲ್ಲೆ) ಹಾಕಿಸಿದ್ದರೆ ಮೊದಲು ಅದನ್ನು ತೆಗೆಸಿ. ಪೋಲೊದಲ್ಲಿ ಸ್ಟಡ್ ಇಲ್ಲ, ಚಕ್ರವನ್ನು ಬೋಲ್ಟ್ ಹಿಡಿಯುತ್ತದೆ, 5 ಮಿ.ಮೀ. ಸ್ಪೇಸರ್ ಇಟ್ಟು ಹಳೆಯ ಬೋಲ್ಟನ್ನೇ ಬಿಗಿದಿದ್ದರೆ ಹಬ್ ಒಳಗೆ ಅಷ್ಟೇ ಮರೆ ಕಡಿಮೆ ಹಿಡಿದಿರುತ್ತದೆ.

ಇವೆಲ್ಲ ಆದ ಮೇಲೂ ತಾಗಿದರೆ ಮಾತ್ರ ತುಟಿ ಮಡಿಸುವ ಯೋಚನೆ ಮಾಡಿ. ಬಣ್ಣವನ್ನು ಹೀಟ್‌ಗನ್‌ನಲ್ಲಿ ಚೆನ್ನಾಗಿ ಬಿಸಿ ಮಾಡದೆ ಮಡಿಸಿದರೆ ಸಿಡಿಯುತ್ತದೆ. ಸಿಡಿದ ಬಣ್ಣದ ಕೆಳಗೆ ನಿಮ್ಮ ಕರಾವಳಿಯ ಉಪ್ಪುಗಾಳಿ ಒಂದೇ ಮಳೆಗಾಲದಲ್ಲಿ ತುಕ್ಕು ಎಬ್ಬಿಸುತ್ತದೆ, ಆದುದರಿಂದ ಮಡಿಸಿದ ದಿನವೇ ಪ್ರೈಮರ್ ಬಳಿಸಿ.

ತಗ್ಗಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದಿರಾ ಎಂಬುದನ್ನು ನೀವು ಬರೆದಿಲ್ಲ. ಕಾರು ಕೆಳಗೆ ಬಂದಾಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಜೊತೆಗೆ ಮುಂದಿನ ಚಕ್ರಗಳ ‘ಟೋ’ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಗೋ ಹೊರಗೋ ತಿರುಗಿರುವ ಪ್ರಮಾಣ) ಕೂಡ ಬದಲಾಗುತ್ತದೆ. ಟೈರಿನ ಒಳಅಂಚು ಸವೆಯುವುದಕ್ಕೆ ವಾಲುವಿಕೆಯನ್ನೇ ಎಲ್ಲರೂ ದೂರುತ್ತಾರೆ. ನಿಜವಾಗಿ ಬೇಗ ಟೈರು ತಿನ್ನುವುದು ತಪ್ಪಿದ ಟೋ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಎಳೆದು ನೋಡಿ. ಒಂದು ದಿಕ್ಕಿನಲ್ಲಿ ನಯವಾಗಿದ್ದು ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ತಡೆದರೆ ಟೋ ತಪ್ಪಿದೆ. ಪೋಲೊದ ಹಿಂದಿನ ಆಕ್ಸಲ್ ಒಂದೇ ತೊಲೆಯದು, ಅಲ್ಲಿ ತಿರುಗಿಸಿ ಸರಿಪಡಿಸಲು ಏನೂ ಇಲ್ಲ. ‘ನಾಲ್ಕೂ ಚಕ್ರ ಅಡ್ಜಸ್ಟ್ ಮಾಡಿದ್ದೇವೆ’ ಎಂದು ಬಿಲ್ ಕೊಟ್ಟರೆ ಏನು ಮಾಡಿದಿರಿ ಎಂದು ಕೇಳಿ.

ಪ್ರಶ್ನೆ: ಸ್ಪ್ರಿಂಗ್‌ಗೆ ಹಣ ಹಾಕುವ ಬದಲು ಸ್ವಿಫ್ಟ್‌ಗೆ 195/45 ಆರ್16ರಂಥ ಚಿಕ್ಕ ಟೈರು ಹಾಕಿ ಕಾರನ್ನು ತಗ್ಗಿಸಿದರೆ ಹೇಗೆ? ಅಗಲ ರಿಮ್‌ಗೆ ಕಿರಿದಾದ ಟೈರನ್ನು ಎಳೆದು ಕೂರಿಸುವುದನ್ನೂ ಚಿತ್ರಗಳಲ್ಲಿ ನೋಡಿದ್ದೇನೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 195/45 ಆರ್16ರ ವ್ಯಾಸ 582 ಮಿ.ಮೀ., ಮೂಲಕ್ಕಿಂತ ಶೇ 6 ಕಡಿಮೆ. ಕಾರು 19 ಮಿ.ಮೀ. ಕೆಳಗಿಳಿಯುತ್ತದೆ, ಸರಿ, ಆದರೆ ಟೈರಿಗೂ ಆರ್ಚ್‌ಗೂ ನಡುವಿನ ಸಂದು ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಸಂದು ಮುಚ್ಚಬೇಕೆಂದು ಹೊರಟವರಿಗೆ ಇದು ಎಮ್ಮೆ ಕೊಂಡು ಮಜ್ಜಿಗೆಗೆ ಪರದಾಡಿದ ಹಾಗೆ. ಸ್ಪೀಡೋಮೀಟರ್ 100 ತೋರಿಸುವಾಗ ಮುಂಚಿಗಿಂತ 6 ಕಿ.ಮೀ. ಕಡಿಮೆ ವೇಗದಲ್ಲಿರುತ್ತೀರಿ, ಓಡಿದ ದೂರವೂ ಇಲ್ಲದ ಲೆಕ್ಕಕ್ಕೆ ಏರುತ್ತದೆ.

ನೆಲದಿಂದ ಕಾರಿನ ತಳದ ಎತ್ತರ 2018ರ ನಂತರದ ಸ್ವಿಫ್ಟ್‌ನಲ್ಲಿ ಖಾಲಿ ಇದ್ದಾಗ 163 ಮಿ.ಮೀ. ಮುಂದೆ ಎಂದಾದರೂ 40ರ ಸ್ಪ್ರಿಂಗ್ ಕೂಡ ಸೇರಿಸಿದರೆ 104 ಉಳಿಯಿತು. ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಸೂಚಿಸುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಅಷ್ಟು ಅಗಲವಿದ್ದಾಗ ಎರಡೂ ಆಕ್ಸಲ್‌ಗಳು ಹಂಪ್ ಮೇಲೇ ಇರುವುದರಿಂದ ತಳಕ್ಕೆ ಎದುರಾಗುವ ಉಬ್ಬು 4-5 ಸೆಂ.ಮೀ. ಮಾತ್ರ. ಆ ನಿಯಮದಂತೆ ಕಟ್ಟಿದ ಹಂಪ್ ನಿಮ್ಮ ಊರಿನಲ್ಲಿದ್ದರೆ ದಯವಿಟ್ಟು ನನಗೂ ತಿಳಿಸಿ. ಊರವರೇ ರಾತ್ರೋರಾತ್ರಿ ಹಾಕಿಸಿದ ಗಿಡ್ಡ ಅಗಲದ ದಿಣ್ಣೆಗಳಲ್ಲಿ ಪೂರ್ತಿ ಎತ್ತರವೂ ತಳಕ್ಕೆ ಬಡಿಯುತ್ತದೆ.

ಎಳೆದು ಕೂರಿಸಿದ ಟೈರು ನೋಟಕ್ಕೆ ಮಾತ್ರ. ಪ್ರತಿ ಟೈರಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ ಎಂಬ ಮಿತಿಯಿದೆ. 195/55 ಆರ್16ಕ್ಕೆ ಅದು 5.5ರಿಂದ 7 ಇಂಚು. ಮಿತಿ ಮೀರಿದರೆ ಗಾಳಿ ಸ್ವಲ್ಪ ಇಳಿದಾಗ ಟೈರಿನ ಬೀಡ್ (ರಿಮ್ಮಿಗೆ ಕಚ್ಚಿ ಕೂರುವ ಅಂಚು) ರಿಮ್‌ನಿಂದ ಜಾರಬಹುದು, ಗುಂಡಿಗೆ ಮೊದಲು ಎದೆಯೊಡ್ಡುವುದೂ ರಿಮ್ಮೇ ಆಗುತ್ತದೆ. ಹಣ ಉಳಿಸಲು ಸ್ಪ್ರಿಂಗ್ ಕತ್ತರಿಸುವ ಯೋಚನೆ ಇದ್ದರೆ ಅದನ್ನೂ ಇಲ್ಲೇ ಕೈಬಿಡಿ. ಚಕ್ರ ಜೋತುಬಿದ್ದಾಗ ಕತ್ತರಿಸಿದ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಕದಲುತ್ತದೆ.

ಪ್ರಶ್ನೆ: ಟೈರಿನ ಅಳತೆ ಬದಲಿಸುವುದು ಕಾನೂನಿಗೆ ವಿರುದ್ಧವೇ? ವಿಮೆಗೆ ತೊಂದರೆಯಾಗುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ನಿಮ್ಮದೇ ಮಾದರಿಯ ಬೇರೆ ಆವೃತ್ತಿಗೆ ತಯಾರಕರೇ ಕೊಡುವ ಅಳತೆಯನ್ನು ಆರಿಸಿಕೊಂಡರೆ ನಿಮ್ಮ ವಾದಕ್ಕೆ ಗಟ್ಟಿ ನೆಲೆಯಿರುತ್ತದೆ. ಫೆಂಡರಿನಿಂದ ಹೊರಚಾಚಿದ ಚಕ್ರಕ್ಕೆ ಅಂಥ ನೆಲೆಯಿಲ್ಲ, ತಗ್ಗಿಸಿದ ಸ್ಪ್ರಿಂಗ್‌ಗೂ ಇಲ್ಲ. ವಿಮಾ ಕಂಪನಿಗೆ ಅಲಾಯ್, ಸ್ಪ್ರಿಂಗ್ ಎರಡನ್ನೂ ಲಿಖಿತವಾಗಿ ತಿಳಿಸಿ, ಅವರ ಉತ್ತರವನ್ನು ಇಟ್ಟುಕೊಳ್ಳಿ. ತಿಳಿಸದ ಮಾರ್ಪಾಡು ಸರ್ವೇಯರ್ ಕಣ್ಣಿಗೆ ಬಿದ್ದರೆ ಪರಿಹಾರಕ್ಕೆ ಕತ್ತರಿ ಬೀಳಬಹುದು. ಹೊಸ ಟೈರಿನ ಮೇಲೆ ಐಎಸ್‌ಐ ಗುರುತು ಇದೆಯೇ ಎಂದೂ ನೋಡಿ, ತಯಾರಿಕೆಯ ನಾಲ್ಕಂಕಿಯನ್ನೂ ಓದಿ: 2324 ಎಂದಿದ್ದರೆ 2024ರ 23ನೇ ವಾರ.

ಪ್ರಶ್ನೆ: ನಾಲ್ಕೂ ಚಕ್ರ 16 ಇಂಚಿನದಾಗಿ ಸ್ಟೆಪ್ನಿ ಮಾತ್ರ ಹಳೆಯ 14 ಇಂಚಿನದೇ ಉಳಿದರೆ ನಡೆಯುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: 165/80 ಆರ್14, 195/55 ಆರ್16 ಎರಡರ ವ್ಯಾಸವೂ ಹೆಚ್ಚುಕಡಿಮೆ ಒಂದೇ ಆದುದರಿಂದ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಓಡಿಸಬಹುದು. ಅಲಾಯ್‌ನ ನಟ್ ಕಬ್ಬಿಣದ ರಿಮ್‌ಗೂ ಸರಿಹೊಂದುತ್ತದೆಯೇ ಎಂದು ಮನೆಯ ಅಂಗಳದಲ್ಲೇ ಒಮ್ಮೆ ಹಾಕಿ ನೋಡಿ. ಹೊಂದದಿದ್ದರೆ ಹಳೆಯ ನಾಲ್ಕು ನಟ್‌ಗಳನ್ನು ಒಂದು ಚೀಲದಲ್ಲಿ ಕಟ್ಟಿ ಸ್ಟೆಪ್ನಿಯ ಗುಳಿಯಲ್ಲೇ ಇಡಿ. ಪೇಟೆಯ ಅಲಾಯ್‌ಗಳ ಜೊತೆ ಕೊಡುವ ಸಣ್ಣ ನಟ್‌ಗಳನ್ನು ಬಿಚ್ಚಲು ಪ್ರತ್ಯೇಕ ಕೀಲಿ ಬೇಕಾಗುತ್ತದೆ. ಆ ಕೀಲಿ ಮನೆಯ ಕಪಾಟಿನಲ್ಲಿ ಭದ್ರವಾಗಿರುವುದು ಗೊತ್ತಾಗುವುದು ಸಾಮಾನ್ಯವಾಗಿ ನಡುರಾತ್ರಿ ಹೆದ್ದಾರಿಯಲ್ಲಿ. ಅದನ್ನೂ ಅದೇ ಚೀಲಕ್ಕೆ ಹಾಕಿ.